ಹಗ್ಗದ ಮೇಲಿನ ಕೂಲರ್

ರಾಯಚೂರಿನ ನಮ್ಮ ದೊಡ್ಡವ್ವನಿಗೆ ಮೇ ತಿಂಗಳಲ್ಲಿ ಒಂದು ವಿಜ್ಞಾನ, ಆಗಸ್ಟ್‌ನಲ್ಲಿ ಇನ್ನೊಂದು. ಬ್ಯಾಸಿಗೆಯಲ್ಲಿ ಯಾರಾದರೂ ಕೂಲರ್ ಹಾಕಿಕೊಂಡು ಕಿಟಕಿ ಮುಚ್ಚಿ ಮಲಗಿದರೆ ಸಾಕು, ಬಂದು ಬೈಯುತ್ತಾಳೆ: “ಕಿಡಕಿ ತೆಗೀರಿ, ಕುದಿ ಹತ್ತಿ ಸಾಯ್ತೀರಿ. ಹಸಿ ಗಾಳಿ ಹೊರಗ ಹೋಗಬೇಕಲ್ಲ?” ಅದೇ ದೊಡ್ಡವ್ವ ಮೊನ್ನೆ ಮಳೆಗಾಲದಲ್ಲಿ ಮೊಮ್ಮಗಳ ಬಾಣಂತನಕ್ಕೆಂದು ಕೋಣೆಯ ಎರಡೂ ಕಿಟಕಿ ಬಂದ್ ಮಾಡಿ, ಸಂದಿಗೆ ಹಳೇ ಸೀರೆ ತುರುಕಿ, ಆ ಗೋಡೆಯಿಂದ ಈ ಗೋಡೆಗೆ ಹಗ್ಗ ಬಿಗಿದು ಕೂಸಿನ ಅರಿವೆ, ಕುಂಚಿಗೆ, ಕೌದಿ ಎಲ್ಲ ಒಣಹಾಕಿದ್ದಳು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಗೆ. “ಮೂರು ದಿನಾತು, ಇನ್ನಾ ಹಸೀನೇ ಅವ. ಈ ಸಲದ ಮಳೀನೇ ಸರಿ ಇಲ್ಲ” ಅಂತ ಗೊಣಗುತ್ತಿದ್ದಳು.

ಮಳೆಯದೇನೂ ತಪ್ಪಿರಲಿಲ್ಲ. ಹಗ್ಗದ ಮೇಲಿನ ಹಸಿ ಬಟ್ಟೆಯೂ ಒಂದು ಕೂಲರೇ ಎಂಬುದು ಅವಳಿಗೆ ಹೊಳೆದಿರಲಿಲ್ಲ, ಅಷ್ಟೇ. ಕೂಲರಿನ ಹುಲ್ಲಿನ ಪ್ಯಾಡಿನಿಂದ ನೀರು ಆವಿಯಾದಂತೆಯೇ ಕೌದಿಯಿಂದಲೂ ಆಗುತ್ತದೆ. ಒಂದಕ್ಕೆ ಕಿಟಕಿ ತೆರೆಯಬೇಕು ಎಂದು ಗೊತ್ತಿದ್ದವರು ಇನ್ನೊಂದಕ್ಕೆ ಮುಚ್ಚುವುದು ಯಾವ ನ್ಯಾಯ?

ಸ್ವಲ್ಪ ಲೆಕ್ಕ ಮಾಡೋಣ, ಬೇಸರಪಡಬೇಡಿ. ಹತ್ತು ಅಡಿಗೆ ಹನ್ನೆರಡು ಅಡಿ, ಎತ್ತರ ಹತ್ತು ಅಡಿ, ಅಂದರೆ ಸುಮಾರು 34 ಘನ ಮೀಟರ್ ಗಾಳಿ ಇರುವ ಕೋಣೆ. 27 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್‌ನಲ್ಲಿ ಹೆಚ್ಚೆಂದರೆ 26 ಗ್ರಾಂ ಆವಿ ಇರಬಹುದು. ಮಳೆಗಾಲದಲ್ಲಿ ಅದರ ನೂರಕ್ಕೆ 80 ಪಾಲು ಮೊದಲೇ ತುಂಬಿದೆ ಎಂದು ಹಿಡಿದರೆ ಉಳಿದ ಜಾಗ 5 ಗ್ರಾಂ ಮಾತ್ರ. ಇಡೀ ಕೋಣೆಗೆ 170 ಗ್ರಾಂ ಚಿಲ್ಲರೆ, ಒಂದು ಲೋಟ ನೀರು! ಒಂದು ಮನೆಯ ಒಗ್ಯಾಣವನ್ನು ಹಿಂಡಿದ ಮೇಲೂ ಎರಡೂವರೆ ಲೀಟರ್ ನೀರು ಸುಲಭವಾಗಿ ಉಳಿದಿರುತ್ತದೆ. ಅದೆಲ್ಲ ಹೋಗಬೇಕೆಂದರೆ ಕೋಣೆಯ ಗಾಳಿ ಪೂರ್ತಿಯಾಗಿ ಹದಿನೈದು ಸಲ ಬದಲಾಗಬೇಕು. ಏಪ್ರಿಲ್‌ನಲ್ಲಿ ಏನಾಗುತ್ತದೆ ನೋಡಿ. 40 ಡಿಗ್ರಿಯಲ್ಲಿ ಮಿತಿ 51 ಗ್ರಾಂ, ಅದರಲ್ಲಿ ನೂರಕ್ಕೆ 20ರಷ್ಟು ಮಾತ್ರ ತುಂಬಿದ್ದರೆ ಉಳಿದ ಜಾಗ 41 ಗ್ರಾಂ, ಅಂದರೆ ಎಂಟು ಪಟ್ಟು. ನಮ್ಮಲ್ಲಿ ಬ್ಯಾಸಿಗೆಯ ವಲ್ಲಿ ಹಗ್ಗದ ಈ ತುದಿಯಿಂದ ಆ ತುದಿಗೆ ಹಾಕುವಷ್ಟರಲ್ಲಿ ಒಣಗಿದಂತೆ ಕಾಣುವುದು ಇದಕ್ಕೇ. ಬಿಸಿಲಿಗಿಂತ ಈ ಖಾಲಿ ಜಾಗದ ಕೆಲಸವೇ ಹೆಚ್ಚು. ಬ್ಯಾಸಿಗೆಯ ರಾತ್ರಿ, ಸೂರ್ಯನೇ ಇಲ್ಲದಾಗಲೂ ಮಾಳಿಗೆ ಮೇಲಿನ ಪಂಚೆ ಬೆಳಗಾಗುವಷ್ಟರಲ್ಲಿ ಗರಿಗರಿಯಾಗಿರುತ್ತದೆ.

“ಜಾಗ” ಎಂದೆನಲ್ಲ, ಅದು ಮಾತಿನ ಅನುಕೂಲಕ್ಕೆ. ಗಾಳಿ ಸ್ಪಂಜಿನ ಹಾಗೆ ನೀರು ಹೀರುತ್ತದೆ ಎಂದು ಶಾಲೆಯಲ್ಲಿ ನಮಗೂ ಹೇಳಿದ್ದರು, ಅದು ಸುಳ್ಳು. ಇದನ್ನು ಬಿಡಿಸಿ ತೋರಿಸಿದವನು ಜಾನ್ ಡಾಲ್ಟನ್. ಪರಮಾಣುವಿನ ಡಾಲ್ಟನ್ನೇ. ಮ್ಯಾಂಚೆಸ್ಟರ್ ಎಂಬ ಹತ್ತಿ ಗಿರಣಿಗಳ ಊರಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ ಈತ 1787ರಿಂದ 1844ರಲ್ಲಿ ಸಾಯುವವರೆಗೂ, 57 ವರ್ಷ, ಹವಾಮಾನದ ದಿನಚರಿ ಬರೆದಿಟ್ಟ. ಅಂಥ ಹಟಮಾರಿಗಳಿಗೇ ಇಂಥ ವಿಷಯ ಹೊಳೆಯುವುದು. ಆವಿಯ ಮಿತಿ ನೀರಿನ ಉಷ್ಣತೆಯಿಂದ ನಿರ್ಧಾರವಾಗುತ್ತದೆ, ಗಾಳಿ ಇರಲಿ ಬಿಡಲಿ ಎಂದ. ಆ ಮಿತಿಗೂ ಈಗಾಗಲೇ ಇರುವ ಆವಿಗೂ ಎಷ್ಟು ಅಂತರವೋ ಒಣಗುವ ವೇಗವೂ ಅಷ್ಟು ಎಂಬುದೂ 1802ರ ಸುಮಾರಿಗೆ ಅವನು ಹೇಳಿದ್ದೇ.

ಹಸಿ ಬಟ್ಟೆಯಿಂದ ನೀರಿನ ಕಣಗಳು ಹೊರಗೆ ಹಾರುತ್ತಲೇ ಇರುತ್ತವೆ, ಹೊರಗಿನವು ವಾಪಸ್ ಬಂದು ಕೂಡುತ್ತಲೇ ಇರುತ್ತವೆ. ಹೋಗುವವರು ಬರುವವರಿಗಿಂತ ಹೆಚ್ಚಿದ್ದರೆ ಬಟ್ಟೆ ಒಣಗುತ್ತದೆ, ಇಬ್ಬರೂ ಸಮವಾದರೆ ಕೆಲಸ ನಿಂತಿತು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹ ನೆನಪಿಸಿಕೊಳ್ಳಿ. ಉಂಡವರು ಎದ್ದು ಹೊರಗೆ ಹೋಗದಿದ್ದರೆ ಮುಂದಿನ ಪಂಕ್ತಿ ಎಲ್ಲಿ ಕೂಡಬೇಕು? ಬಾಗಿಲ ಬಾಯಲ್ಲೇ ಜನ ನಿಂತ ಸಾರಿಗೆ ಬಸ್ಸೂ ಹಾಗೆಯೇ. ಒಳಗಿನವರಿಗೆ ಇಳಿಯುವ ಆಸೆ ಎಷ್ಟೇ ಇರಲಿ, ಹೊರಗೆ ಜಾಗವಿಲ್ಲ. ಬಟ್ಟೆಗೆ ಅಂಟಿಕೊಂಡು ಕೆಲವು ಮಿಲಿಮೀಟರ್ ದಪ್ಪದ ನಿಂತ ಗಾಳಿಯ ಪದರವೊಂದಿರುತ್ತದೆ. ಬಸ್ಸಿನ ಬಾಗಿಲಲ್ಲಿ ನಿಂತ ಜನ ಅದೇ. ಫ್ಯಾನ್ ಅವರನ್ನು ಅತ್ತ ದೂಡುತ್ತದೆ, ನಿಜ. ಆದರೆ ಬಸ್‌ಸ್ಟ್ಯಾಂಡಿನ ಗೇಟೇ ಹಾಕಿದ್ದರೆ ದೂಡಿದವರು ಸುತ್ತು ಹೊಡೆದು ಮತ್ತೆ ಅದೇ ಬಾಗಿಲಿಗೆ ಬರುತ್ತಾರೆ. ಮುಚ್ಚಿದ ಕೋಣೆಯಲ್ಲಿ ತಿರುಗುವ ಫ್ಯಾನಿನ ಗತಿ ಇದು: ಮೊದಲರ್ಧ ಗಂಟೆ ಚುರುಕು, ಆಮೇಲೆ ಬರೀ ಕರೆಂಟ್ ಬಿಲ್ಲು. ಹೋಲಿಕೆ ಅತಿಯಾಯಿತೇನೋ. ದೊಡ್ಡವ್ವನಿಗೆ ಮಾತ್ರ ದಾಸೋಹದ್ದು ಕೂಡಲೇ ತಿಳಿಯಿತು.

ಕೆಂಡದ ವಿಷಯದಲ್ಲಿ ಜಗಳವೇ ಆಯಿತು. ಕೆಂಡ ಕೋಣೆ ಬಿಸಿ ಮಾಡಿದರೆ ಮಿತಿ ಏರುತ್ತದೆ, ಒಪ್ಪಿದೆ. ಆದರೆ ಆವಿ ಹೊರಗೆ ಹೋಗಿಲ್ಲವಲ್ಲ. ಬೆಳಗಿನ ಜಾವ ಕೆಂಡ ಆರಿದಾಗ ಅದೇ ನೀರು ಗೋಡೆಗೆ ಬೆವರಾಗಿ ಇಳಿಯುತ್ತದೆ, ಮೂಲೆಯಲ್ಲಿ ಬೂಸ್ಟು ಏಳುತ್ತದೆ. ಅದಕ್ಕಿಂತ ದೊಡ್ಡ ಭಯ ಬೇರೆ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಬಿಗಿಯಾಗಿ ಅಂಟುತ್ತದೆ. ಸಂದಿಗೆ ಸೀರೆ ತುರುಕಿದ ಕೋಣೆ, ಒಳಗೆ ಬಾಣಂತಿ, ಎಳೇ ಕೂಸು. “ನಮ್ಮ ಕಾಲದಾಗ ಯಾರಿಗೇನಾಗಿತ್ತು?” ಎಂದಳು. ದೊಡ್ಡವ್ವ, ನಿಮ್ಮ ಕಾಲದ ಮಾಳಿಗೆ ಮನೆಗೆ ನೆತ್ತಿಯಲ್ಲಿ ಗವಾಕ್ಷಿ ಇತ್ತು. ಈಗಿನದು ಆರ್‌ಸಿಸಿ.

ರಾತ್ರಿ ಕೂಸಿನ ಬಟ್ಟೆ ಹೊರಗೆ ಬಿಟ್ಟರೆ ಗಾಳಿ ಸೋಕುತ್ತದೆ ಎಂಬ ನಂಬಿಕೆಗೆ ನಾನು ಅರ್ಧ ಅಂಕ ಕೊಡುತ್ತೇನೆ. ಮಳೆಗಾಲ, ಚಳಿಗಾಲದ ರಾತ್ರಿ ಗಾಳಿ ತಣ್ಣಗಾದಂತೆ ಮಿತಿ ಇಳಿಯುತ್ತದೆ, ಇಬ್ಬನಿ ಕೂಡುತ್ತದೆ, ಒಣಗಿದ್ದೂ ಹಸಿಯಾಗುತ್ತದೆ. ಸಂಜೆ ಒಳಗೆ ತೆಗೆಯುವುದು ಜಾಣತನ, ದೆವ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ಮುಗ್ಗಲು ವಾಸನೆ ದೃಷ್ಟಿಯದೂ ಅಲ್ಲ. 2012ರಲ್ಲಿ ಜಪಾನಿನ ಸಂಶೋಧಕರು ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾವೇ ಇದರ ಮುಖ್ಯ ಅಪರಾಧಿ ಎಂದು ಹಿಡಿದುಕೊಟ್ಟರು. ಒಗೆದ ಮೇಲೂ ಅದು ನೂಲಿನಲ್ಲಿ ಉಳಿಯುತ್ತದೆ, ಬಟ್ಟೆ ಹಸಿಯಾಗಿದ್ದಷ್ಟು ಹೊತ್ತು ಬೆಳೆಯುತ್ತದೆ. ಲೋಬಾನದ ಹೊಗೆ ಮೂಗಿಗೆ ಮೋಸ ಮಾಡುತ್ತದೆ, ಬ್ಯಾಕ್ಟೀರಿಯಾಕ್ಕಲ್ಲ.

ಹೊರಗೇ ಒಣಹಾಕಿ ಎನ್ನುವುದು ಸುಲಭ. ಬಳ್ಳಾರಿ, ಸಂಡೂರು ಕಡೆ ಅದಿರಿನ ಲಾರಿ ಓಡಾಡುವ ರಸ್ತೆ ಬದಿಯವರ ಬಿಳಿ ಪಂಚೆ ಕೆಂಪಾಗುತ್ತದೆ. ಕೊಪ್ಪಳದ ಕಾರ್ಖಾನೆ ಸಾಲಿನ ಹತ್ತಿರದವರದು ಕಪ್ಪಾಗುತ್ತದೆ. ಅವರಿಗೆ ಒಳಗೇ ಗತಿ. ಅಂಥವರು ಮೊದಲು ನೀರನ್ನು ಹಿಂಡಿ ತೆಗೆಯುವುದರಲ್ಲಿ ಜಿಪುಣತನ ಮಾಡಬಾರದು. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 2,430 ಕಿಲೋಜೂಲ್ ಶಾಖ ಬೇಕು. ಅದೇ ನೀರನ್ನು 30 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾದದ್ದರ ಎಂಟು ಪಟ್ಟು. ಬಟ್ಟೆಯಲ್ಲಿ ಉಳಿದ ಎರಡೂವರೆ ಲೀಟರಿಗೆ 1.7 ಯೂನಿಟ್ ಕರೆಂಟಿನಷ್ಟು ಶಾಖವನ್ನು ನಿಮ್ಮ ಗೋಡೆ, ಗಾಳಿ ಕೊಡಬೇಕು. ಗರಗರ ತಿರುಗಿಸಿ ನೀರು ಹಾರಿಸಲು ಅದರ ಒಂದು ಚೂರು ಸಾಕು. ನಾವು ವಾಷಿಂಗ್ ಮಷಿನ್ನಿನ ಎರಡನೇ ತೊಟ್ಟಿಗೆ ಡ್ರೈಯರ್ ಎನ್ನುತ್ತೇವಲ್ಲ, ಅದು ಒಣಗಿಸುವುದಿಲ್ಲ, ಹಿಂಡುತ್ತದೆ. ಎರಡು ಸಲ ಹಿಂಡಿಸಿ.

ಆಮೇಲೆ ಎದುರುಬದುರಿನ ಎರಡು ಕಿಟಕಿ. ನಮ್ಮ ಸೀಮೆಗೆ ಮಳೆ ಕಡಿಮೆ, ಆದರೆ ಆಷಾಢದ ಗಾಳಿ ಕೊಡುಗೈ. ಅದು ಬೀಸುವಾಗ ಎರಡೂ ಕಿಟಕಿ ತೆಗೆದರೆ ಹದಿನೈದು ಕೋಣೆಯಷ್ಟು ಗಾಳಿ ನೋಡನೋಡುತ್ತ ಹಾದುಹೋಗುತ್ತದೆ. ಹಗ್ಗದಲ್ಲಿ ಬಟ್ಟೆ ಒತ್ತೊತ್ತಾಗಿ ಇರಬಾರದು, ನಡುವೆ ಒಂದು ಗೇಣು ಬಿಡಿ. ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಆದರೆ ಒಳಮೈ ಹೊರಗೆ ಮಾಡಿ ಸೊಂಟ ಅಗಲಿಸಿ ಹಾಕಿ. ಜೇಬು ಒಣಗಿದಾಗ ಮಾತ್ರ ಪ್ಯಾಂಟು ಒಣಗಿತೆಂದು ನಂಬಿ. ಹತ್ತಿ ನೂಲು ಒಣಗಿದಂತೆ ಕಂಡಾಗಲೂ ತೂಕದ ನೂರಕ್ಕೆ ಏಳೆಂಟು ಪಾಲು ನೀರು ಇಟ್ಟುಕೊಂಡಿರುತ್ತದೆ, ಪಾಲಿಯೆಸ್ಟರ್‌ನಲ್ಲಿ ಅರ್ಧ ಪಾಲೂ ಇರದು. ಹಳೇ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದ ಕೌದಿಯ ಹೊಟ್ಟೆಯೊಳಗಿನ ಹಸಿ ಮೇಲಿನಿಂದ ಮುಟ್ಟಿದರೆ ತಿಳಿಯುವುದಿಲ್ಲ. ಅದನ್ನು ಮಳೆಗಾಲದಲ್ಲಿ ಒಗೆಯದಿರುವುದೇ ಮೇಲು.

ದೊಡ್ಡವ್ವನ ಜೊತೆ ಕೊನೆಗೆ ಆದ ರಾಜಿ ಇದು. ಬಾಣಂತಿ ಕೋಣೆಯ ಕಿಟಕಿಯ ಸಂದಿಯಿಂದ ಸೀರೆ ಹೊರಗೆ ಬಂತು. ಹಗ್ಗ ಪಡಸಾಲೆಗೆ ಹೋಯಿತು. ಅಲ್ಲಿ ಫ್ಯಾನ್, ಮುಂಬಾಗಿಲು, ಹಿತ್ತಲ ಬಾಗಿಲು ಎದುರುಬದುರು. ಕೂಸಿನ ಅರಿವೆ ಮಧ್ಯಾಹ್ನದ ಊಟದೊಳಗೆ ಒಣಗಿದವು. ಅಗ್ಗಿಷ್ಟಿಗೆ ಹಿತ್ತಲಿಗೆ ಹೋಯಿತು, ಅದರ ಮೇಲೀಗ ಬಾಣಂತಿಯ ಸ್ನಾನದ ನೀರು ಕಾಯುತ್ತದೆ. “ಗಾಳಿ ಬಡಿದರ ನಿನ್ನ ಕಡೀನೇ ಕಳಿಸ್ತೀನಿ ಕೂಸಿನ್ನ” ಎಂದಿದ್ದಾಳೆ.