ತಪ್ಪೆಲ್ಲ ಮಳೆಯ ತಲೆಗೆ

ಮಲೆನಾಡಿನಲ್ಲಿ ಯಾವ ಕಾಮಗಾರಿ ತಡವಾದರೂ ಆರೋಪಿ ಒಬ್ಬನೇ, ಮಳೆರಾಯ. ಆರಿದ್ರಾ ಹಿಡಿಯಿತು, ಪುಷ್ಯ ಬಿಡಲಿಲ್ಲ ಎಂದರೆ ಕೇಳಿದವರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. ಆದರೆ ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯನ್ನೂ ಶಿವಮೊಗ್ಗದ ಪಕ್ಕದ ಸೋಗಾನೆ ವಿಮಾನ ನಿಲ್ದಾಣವನ್ನೂ ಜೊತೆಗಿಟ್ಟು ನೋಡಿದರೆ ಈ ಆರೋಪ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಸೇತುವೆಯ ಕಥೆ ಆರಂಭವಾಗುವುದು ಅಣೆಕಟ್ಟಿನಿಂದ. ಜೋಗದ ವಿದ್ಯುತ್ತಿಗಾಗಿ ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆ ಮಹಾಯುದ್ಧದ ವರ್ಷಗಳನ್ನು ದಾಟಿಕೊಂಡು 1948ರ ಹೊತ್ತಿಗೆ ಕೆಲಸಕ್ಕೆ ಬಂದಿತ್ತು. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಅದೇ ಮುಳುಗಿತು. ನೀರು ತೀರಾ ತಗ್ಗಿದ ಬೇಸಿಗೆಯಲ್ಲಿ ಈಗಲೂ ತಲೆಯೆತ್ತಿ ನಿಲ್ಲುತ್ತದೆ. ಒಂದು ಯೋಜನೆಗೆ ಇನ್ನೊಂದು ಯೋಜನೆಯೇ ಗಂಡಾಂತರವಾಗುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಸ್ಮಾರಕ ಬೇರೊಂದಿಲ್ಲ.

ತುಮರಿ, ಸಿಗಂದೂರು ಕಡೆಯ ಊರುಗಳು ಹಿನ್ನೀರಿನ ಆಚೆಗೆ ಉಳಿದವು. ಸಾಗರಕ್ಕೆ ಬರಲು ಲಾಂಚ್ ಒಂದೇ ಹತ್ತಿರದ ದಾರಿಯಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಅದಕ್ಕೆ ವಾಹನ ಹತ್ತಿಸುವುದೂ ಕಷ್ಟವಾಗುತ್ತಿತ್ತು. ಸೇತುವೆ ಬೇಕೆಂಬ ಕೂಗು ದಶಕಗಳಷ್ಟು ಹಳೆಯದು. ಶಂಕುಸ್ಥಾಪನೆ ಆದದ್ದು 2018ರಲ್ಲಿ, ಕೆಲಸ ಶುರುವಾದದ್ದು 2019ರ ಕೊನೆಗೆ. ಕೆಲವೇ ತಿಂಗಳಲ್ಲಿ ಲಾಕ್‌ಡೌನ್ ಬಂತು. ಜಾಗವೋ, ನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಪಟ್ಟಿ. ಕಂಬಗಳು ಏಳಬೇಕಾದದ್ದು ಸಮುದ್ರಮಟ್ಟದಿಂದ 1,819 ಅಡಿಯವರೆಗೆ ತುಂಬುವ ಜಲಾಶಯದೊಳಗೆ. ಆದರೂ 2.44 ಕಿಲೋಮೀಟರ್ ಉದ್ದದ, 740 ಮೀಟರ್ ಭಾಗ ಕೇಬಲ್‌ಗಳ ಮೇಲೆ ನಿಂತಿರುವ ಆ ಸೇತುವೆ 2025ರ ಜುಲೈ 14ರಂದು, ಪುನರ್ವಸು ಮಳೆಯ ದಿನಗಳಲ್ಲೇ, ಉದ್ಘಾಟನೆಯಾಯಿತು. ಕೆಲಸಕ್ಕೆ ಹಿಡಿದದ್ದು ಐದೂವರೆ ವರ್ಷ. ಕೆಲಸ ಶುರುವಾಗುವುದಕ್ಕೆ ಹಿಡಿದದ್ದು ಅರ್ಧ ಶತಮಾನಕ್ಕೂ ಹೆಚ್ಚು.

ಇತ್ತ ಸೋಗಾನೆಯಲ್ಲಿ ದಾಟಬೇಕಾದ ಹೊಳೆಯಿಲ್ಲ, ಕೊರೆಯಬೇಕಾದ ಘಟ್ಟವಿಲ್ಲ. 2008ರಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಅಡಿಗಲ್ಲು ಬಿತ್ತು. ಮುಂದೆ ಕೆಲಸ ನಿಂತಿತು, ಒಪ್ಪಂದ ಮುರಿಯಿತು, ಅರೆಬರೆ ಕೆಲಸದ ಮೇಲೆ ಹುಲ್ಲು ಬೆಳೆಯಿತು. 2020ರಲ್ಲಿ ಸರ್ಕಾರದ ಹಣದಲ್ಲಿ ಮತ್ತೆ ಕೈಗೆತ್ತಿಕೊಂಡು, ದೊಡ್ಡ ವಿಮಾನ ಇಳಿಯಲೆಂದು ರನ್‌ವೇಯನ್ನು 3,200 ಮೀಟರಿಗೆ ಹಿಗ್ಗಿಸಿ, ಸುಮಾರು 450 ಕೋಟಿ ರೂಪಾಯಿಯಲ್ಲಿ ಮುಗಿಸಿದರು. ಉದ್ಘಾಟನೆ 2023ರ ಫೆಬ್ರುವರಿ 27ಕ್ಕೆ. ಮೊದಲ ಅಡಿಗಲ್ಲಿನಿಂದ ಎಣಿಸಿದರೆ ಹದಿನೈದು ವರ್ಷ. ಎರಡನೇ ಸಲ ಹಿಡಿದ ಕೆಲಸ ಮೂರು ವರ್ಷದೊಳಗೆ ಮುಗಿದಿದೆ. ಆ ಮೂರು ವರ್ಷಗಳಲ್ಲೂ ಮಳೆಗಾಲ ತಪ್ಪದೆ ಬಂದಿತ್ತು.

ಗೊತ್ತಿರುವ ಅಪಾಯಕ್ಕೆ ಬೆಲೆ ಕಟ್ಟಬಹುದು. ಮಳೆಗೆ ಪಂಚಾಂಗವಿದೆ, ಅನುಭವಿ ಗುತ್ತಿಗೆದಾರ ಜೂನ್‌ಗೆ ಮುಂಚೆ ಮಣ್ಣಿನ ಕೆಲಸ ಮುಗಿಸಿ, ಮರಳು, ಜಲ್ಲಿ ರಾಶಿ ಹಾಕಿಕೊಳ್ಳುತ್ತಾನೆ. ಹೊಡೆತ ಬೀಳುವುದು ಯಾರದೆಂದು ಒಪ್ಪಂದದಲ್ಲಿ ತೀರ್ಮಾನವಾಗದ ಅಪಾಯದಿಂದ: ಭೂಸ್ವಾಧೀನ, ಅರಣ್ಯ ಇಲಾಖೆಯ ಅನುಮತಿ, ನಡುವೆ ಬದಲಾಗುವ ನಕ್ಷೆ, ಬಾರದ ಬಿಲ್ಲು, ಏರಿದ ಕಬ್ಬಿಣದ ದರ. ಇದನ್ನೆಲ್ಲ ಗುತ್ತಿಗೆದಾರನ ಮೇಲೆಯೇ ಹೇರಿದರೆ ಜಾಣನಾದವನು ಟೆಂಡರಿನಲ್ಲೇ ದರ ಏರಿಸಿ ಬರೆಯುತ್ತಾನೆ. ಕೆಲಸ ಸಿಕ್ಕರೆ ಸಾಕೆಂದವನು ಕಡಿಮೆ ಬರೆದು ಗೆದ್ದು, ಅರ್ಧಕ್ಕೆ ಕೈಬಿಡುತ್ತಾನೆ. ಆಮೇಲೆ ಮರುಟೆಂಡರ್, ಪರಿಷ್ಕೃತ ಅಂದಾಜು. ಅಷ್ಟರಲ್ಲಿ ಹಳೆಯ ಕಾಂಕ್ರೀಟಿನಿಂದ ಹೊರಗೆ ಚಾಚಿದ ಸರಳು ತುಕ್ಕು ಹಿಡಿದಿರುತ್ತದೆ. ಆ ತುಕ್ಕು ಮಾತ್ರ ನಿಜವಾಗಿ ಮಳೆಯ ಕೆಲಸ.

ಟೆಂಡರ್ ಪ್ರಕಟಣೆಗಳಲ್ಲಿ ಕಾಲಾವಧಿಯ ಮುಂದೆ ಒಂದು ಮಾತು ಇರುವುದುಂಟು: ‘ಮಳೆಗಾಲ ಸೇರಿ’ ಅಥವಾ ‘ಮಳೆಗಾಲ ಹೊರತುಪಡಿಸಿ’. ‘ಭೂಸ್ವಾಧೀನ ಸೇರಿ’ ಎಂದು ಬರೆದದ್ದನ್ನು ನಾನಂತೂ ಕಂಡಿಲ್ಲ.