ಹೀಟರಿನಲ್ಲಿ ಬಿಸಿಗಾಳಿ ಬಾರದಿದ್ದರೆ ಗ್ಯಾಸ್ ತುಂಬಿಸಬೇಕೇ?

ಓದುಗರ ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆಯ ಕಾಫಿ ತೋಟ. ಕಾರು ಒಂಬತ್ತು ವರ್ಷ ಹಳೆಯದು, ಡೀಸೆಲ್. ಚಳಿಗಾಲದ ಬೆಳಿಗ್ಗೆ ಮಡಿಕೇರಿಗೆ ಹೊರಟರೆ ಮುಂದಿನ ಗಾಜಿನ ಒಳಮೈ ಮಬ್ಬಾಗಿ ದಾರಿಯೇ ಕಾಣುವುದಿಲ್ಲ. ಬ್ಲೋವರ್ ನಾಲ್ಕನೆಯ ಹಂತದಲ್ಲಿ ಮಾತ್ರ ತಿರುಗುತ್ತದೆ. ಗುಂಡಿಯನ್ನು ಕೆಂಪು ಗುರುತಿನ ಕೊನೆಯವರೆಗೆ ತಿರುಗಿಸಿದರೂ ತಣ್ಣನೆಯ ಗಾಳಿಯೇ ಬರುತ್ತದೆ. ಎ.ಸಿ. ಗ್ಯಾಸ್ ಮುಗಿದಿರಬೇಕು, ತುಂಬಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ತುಂಬಿಸಲೇ?

ಉತ್ತರ: ಈಗಲೇ ಬೇಡ. ನೀವು ಹೇಳಿರುವುದು ಒಂದು ದೋಷವಲ್ಲ, ಒಂದೇ ಪೆಟ್ಟಿಗೆಯೊಳಗಿನ ಮೂರು ಬೇರೆ ಬೇರೆ ದೋಷಗಳು. ಅವುಗಳಲ್ಲಿ ಎರಡಕ್ಕೆ ಗ್ಯಾಸಿನ ಸಂಬಂಧವೇ ಇಲ್ಲ, ಮೂರನೆಯದಕ್ಕೆ ಸ್ವಲ್ಪ ಇದೆ. ಕಾರಿನ ಹೀಟರ್ ಬಿಸಿಯಾಗುವುದು ಎಂಜಿನ್ನಿನ ಶಾಖದಿಂದ. ಎಂಜಿನ್ನನ್ನು ಸುತ್ತಿ ಬಂದ ಬಿಸಿ ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಡ್ಯಾಶ್‌ಬೋರ್ಡಿನ ಒಳಗಿರುವ ಪುಟ್ಟ ರೇಡಿಯೇಟರಿನಂತಹ ಹೀಟರ್ ಕೋರಿನ ಮೂಲಕ ಹರಿಯುತ್ತದೆ, ಬ್ಲೋವರ್ ಅದರ ಮೇಲೆ ಗಾಳಿಯನ್ನು ಹಾಯಿಸುತ್ತದೆ. ಇಡೀ ವ್ಯವಸ್ಥೆ ಇಷ್ಟೇ.

ಮೊದಲು ಬ್ಲೋವರನ್ನು ನೋಡೋಣ, ಏಕೆಂದರೆ ಅದರ ಕಾರಣವನ್ನು ನಿಮ್ಮ ಪ್ರಶ್ನೆಯೇ ಹೇಳಿಬಿಟ್ಟಿದೆ. ಗುಂಡಿ ತಿರುಗಿಸಿ ವೇಗ ಬದಲಿಸುವ ಕಾರುಗಳಲ್ಲಿ ಕೆಳಗಿನ ಹಂತಗಳ ವಿದ್ಯುತ್ತು ರೆಸಿಸ್ಟರ್ ಎಂಬ ಸಣ್ಣ ಬಿಡಿಭಾಗದ ಮೂಲಕ ಹೋಗುತ್ತದೆ, ಕೊನೆಯ ಹಂತದ್ದು ಅದನ್ನು ಬಿಟ್ಟು ನೇರವಾಗಿ ಮೋಟಾರಿಗೆ ಸೇರುತ್ತದೆ. ನಾಲ್ಕನೆಯ ಹಂತ ಮಾತ್ರ ಕೆಲಸ ಮಾಡುತ್ತಿದೆ ಎಂದರೆ ಮೋಟಾರು ಮತ್ತು ಫ್ಯೂಸ್ ಎರಡೂ ಬದುಕಿವೆ, ರೆಸಿಸ್ಟರ್ ಸುಟ್ಟಿದೆ ಎಂದೇ ಬಹುಮಟ್ಟಿಗೆ ಅರ್ಥ. ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆ ಬ್ಲೋವರಿನ ಪಕ್ಕದಲ್ಲಿ ಒಂದೆರಡು ಸ್ಕ್ರೂಗಳಿಂದ ಕೂತಿರುತ್ತದೆ ಮತ್ತು ದುಬಾರಿ ವಸ್ತುವೇನಲ್ಲ. ಆದರೆ ಅದು ಏಕೆ ಸುಟ್ಟಿತು ಎಂದು ಕೇಳದೆ ಹೊಸದನ್ನು ಹಾಕಿದರೆ ಅದೂ ಕೆಲವೇ ತಿಂಗಳಲ್ಲಿ ಸುಡಬಹುದು. ರೆಸಿಸ್ಟರ್ ತಣ್ಣಗಾಗುವುದು ಬ್ಲೋವರಿನದೇ ಗಾಳಿಯಿಂದ, ಗಾಳಿಯ ಹರಿವು ಕಡಿಮೆಯಾದರೆ ಅದು ಅತಿಯಾಗಿ ಕಾಯುತ್ತದೆ.

ಹರಿವನ್ನು ತಡೆಯುವ ಸಂಗತಿಗಳಿಗೆ ತೋಟದ ಕಾರಿನಲ್ಲಿ ಬರವಿಲ್ಲ. ಗ್ಲೋವ್ ಬಾಕ್ಸಿನ ಹಿಂದಿನ ಕ್ಯಾಬಿನ್ ಫಿಲ್ಟರನ್ನು ಹೊರತೆಗೆದು ನೋಡಿ. ಕೊಯ್ಲಿನ ಕಾಲದ ಕಣದ ಧೂಳು, ಸಿಲ್ವರ್ ಓಕ್ ಎಲೆಯ ಪುಡಿ, ಮಳೆಗಾಲದ ಬೂಷ್ಟು ಸೇರಿ ಅದು ಕಪ್ಪು ಕಂಬಳಿಯಂತೆ ಆಗಿದ್ದರೆ ಆಶ್ಚರ್ಯವಿಲ್ಲ. ಅದನ್ನು ಬಡಿದು ಮತ್ತೆ ಹಾಕುವವರಿದ್ದಾರೆ, ವರ್ಷಕ್ಕೊಮ್ಮೆ ಹೊಸದನ್ನೇ ಹಾಕುವುದು ನನ್ನ ಸಲಹೆ. ಅನಂತರ ಬಾನೆಟ್ ಎತ್ತಿ ವೈಪರುಗಳ ಕೆಳಗಿನ ಜಾಲರಿಯನ್ನು ಪರೀಕ್ಷಿಸಿ. ಹೊರಗಿನ ಗಾಳಿ ಕಾರಿನೊಳಗೆ ಬರುವುದು ಅಲ್ಲಿಂದಲೇ. ಮರದಡಿ ನಿಲ್ಲಿಸುವ ಕಾರುಗಳಲ್ಲಿ ಅಲ್ಲಿ ಎಲೆ ಕೊಳೆತು ನೀರಿಳಿಯುವ ತೂತುಗಳು ಮುಚ್ಚಿಹೋಗುತ್ತವೆ, ಆಗ ಮಳೆನೀರು ಬ್ಲೋವರಿನ ಮೇಲೆಯೇ ಬೀಳುತ್ತದೆ. ಇಲಿಗಳಿಗೂ ಆ ಜಾಗ ಪ್ರಿಯ. ಇಷ್ಟಾದ ಮೇಲೂ ಬ್ಲೋವರ್ ಕಿರುಗುಟ್ಟುತ್ತಾ ಬಿಗಿಯಾಗಿ ತಿರುಗುತ್ತಿದ್ದರೆ ಮೋಟಾರು ಸವೆದು ಹೆಚ್ಚು ವಿದ್ಯುತ್ತು ಎಳೆಯುತ್ತಿದೆ ಎಂದು ತಿಳಿಯಬೇಕು. ಆಗ ರೆಸಿಸ್ಟರಿನ ಜೊತೆಗೆ ಅದನ್ನೂ ಬದಲಿಸಬೇಕಾಗುತ್ತದೆ, ಕರಗಿದ ಕನೆಕ್ಟರ್ ಇದ್ದರೆ ಅದನ್ನೂ ಬಿಡಬಾರದು.

ಇನ್ನು ಬಿಸಿಯ ವಿಷಯ. ಡೀಸೆಲ್ ಎಂಜಿನ್ ನಿಧಾನವಾಗಿ ಕಾಯುತ್ತದೆ, ಆದ್ದರಿಂದ ಮೊದಲ ಹತ್ತು ನಿಮಿಷ ತಣ್ಣನೆಯ ಗಾಳಿ ಬಂದರೆ ಅದು ದೋಷವಲ್ಲ. ಹದಿನೈದು ಕಿಲೋಮೀಟರ್ ಓಡಿದ ಮೇಲೂ ಹಾಗೆಯೇ ಇದ್ದರೆ ತಾಪಮಾನದ ಮುಳ್ಳನ್ನು ಗಮನಿಸಿ. ಅದು ಎಂದಿನ ಜಾಗಕ್ಕೆ ಏರುವುದೇ ಇಲ್ಲ, ಅಥವಾ ಏರಿದ್ದು ಇಳಿಜಾರಿನಲ್ಲಿ ಮತ್ತೆ ಕುಸಿಯುತ್ತದೆ ಎಂದಾದರೆ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ಸುಮಾರು 80 ರಿಂದ 90 ಡಿಗ್ರಿ ಸೆಲ್ಸಿಯಸ್ ತಲಪುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟು ಎಂಜಿನ್ನನ್ನು ಬೇಗ ಕಾಯಿಸುವುದು ಅದರ ಕೆಲಸ. ಅದು ಮುಚ್ಚದಿದ್ದರೆ ಹೀಟರ್ ತಣ್ಣಗಿರುವುದಲ್ಲದೆ ಡೀಸೆಲ್ ಕೂಡ ಹೆಚ್ಚು ಖರ್ಚಾಗುತ್ತದೆ.

ಮುಳ್ಳು ಸರಿಯಾಗಿದ್ದರೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟಿನ ಮಟ್ಟ ನೋಡಿ. ಬಿಸಿಯಿರುವಾಗ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಮಟ್ಟ ಇಳಿದಿದ್ದರೆ ಹೀಟರಿನ ಕೊಳವೆಯಲ್ಲಿ ಗಾಳಿ ಸೇರಿ ಹರಿವು ನಿಂತಿರಬಹುದು, ಜೊತೆಗೆ ಕೂಲಂಟ್ ಎಲ್ಲಿ ಸೋರುತ್ತಿದೆ ಎಂದೂ ಹುಡುಕಬೇಕು. ಮಟ್ಟ ಸರಿಯಿದ್ದರೆ, ಎಂಜಿನ್ ಕಾದ ಮೇಲೆ ಅದನ್ನು ನಿಲ್ಲಿಸಿ, ಡ್ಯಾಶ್‌ಬೋರ್ಡಿನೊಳಗೆ ಹೋಗುವ ಎರಡು ರಬ್ಬರ್ ಕೊಳವೆಗಳನ್ನು ದಪ್ಪ ಬಟ್ಟೆಯ ಮೇಲಿಂದ ಎಚ್ಚರದಿಂದ ಮುಟ್ಟಿ ನೋಡಿ. ಎರಡೂ ಬಿಸಿಯಾಗಿದ್ದರೆ ಕೋರ್ ಸರಿಯಿದೆ, ಗಾಳಿಯನ್ನು ಅದರ ಕಡೆಗೆ ತಿರುಗಿಸುವ ಒಳಗಿನ ಬಾಗಿಲೋ ಅದರ ಕೇಬಲ್ಲೋ ಸಿಕ್ಕಿಕೊಂಡಿದೆ. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದಾದರೆ ಕೋರ್ ಕಟ್ಟಿಕೊಂಡಿದೆ, ಅಥವಾ ಕೋರಿಗೆ ಕೂಲಂಟ್ ಬಿಡುವ ವಾಲ್ವ್ ಇರುವ ಕಾರಿನಲ್ಲಿ ಅದು ಮುಚ್ಚಿಕೊಂಡಿದೆ. ಕೂಲಂಟಿನ ಬದಲು ವರ್ಷಗಟ್ಟಲೆ ತೋಡಿನ ನೀರನ್ನೋ ಬಾವಿನೀರನ್ನೋ ಸುರಿದ ಕಾರುಗಳಲ್ಲಿ ತುಕ್ಕು ಮತ್ತು ಕೆಸರಿನಿಂದ ಕೋರ್ ಕಟ್ಟುವುದು ಸಾಮಾನ್ಯ. ನಮ್ಮಲ್ಲಿ ನೀರಿಗೆ ಬರವಿಲ್ಲದ್ದೇ ಈ ಅಭ್ಯಾಸಕ್ಕೆ ಕಾರಣವಿರಬೇಕು. ಆಗ ಮೊದಲು ಕೋರನ್ನು ತೊಳೆಸಿ ನೋಡಿ. ಅದನ್ನು ಬದಲಿಸಲು ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾಗುವುದರಿಂದ ಕೂಲಿಯೇ ದೊಡ್ಡ ಖರ್ಚಾಗುತ್ತದೆ.

ಗಾಜು ಮಬ್ಬಾಗುವುದು ಮಾತ್ರ ಹವೆಯ ತೇವದ ಸಮಸ್ಯೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು, 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ ಮಾತ್ರ. ಕಾರಿನಲ್ಲಿ ಕೂತವರ ಉಸಿರಿನ ತೇವ ತಣ್ಣನೆಯ ಗಾಜಿಗೆ ತಾಗಿದಾಗ ಹೆಚ್ಚಿನದು ಹನಿಯಾಗುತ್ತದೆ. ಒಳಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಚಳಿಗೆ ಹೆದರಿ ಒತ್ತಿಟ್ಟರೆ ಆ ತೇವಕ್ಕೆ ಹೊರಹೋಗುವ ದಾರಿಯೇ ಇರುವುದಿಲ್ಲ. ಹೊರಗಾಳಿಯನ್ನು ತೆರೆದು, ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಹೀಟರಿನ ಜೊತೆಗೆ ಎ.ಸಿ.ಯನ್ನೂ ಹಾಕಿ. ಎ.ಸಿ.ಯ ತಣ್ಣನೆಯ ಸುರುಳಿಯ ಮೇಲೆ ಗಾಳಿಯ ತೇವ ನೀರಾಗಿ ಇಳಿದುಹೋಗುತ್ತದೆ, ಒಣಗಿದ ಆ ಗಾಳಿಯನ್ನು ಹೀಟರ್ ಬಿಸಿ ಮಾಡುತ್ತದೆ. ಗ್ಯಾಸಿನ ಪ್ರಶ್ನೆ ಬರುವುದು ಇಲ್ಲಿ ಮಾತ್ರ. ಬೇಸಿಗೆಯಲ್ಲಿ ನಿಮ್ಮ ಎ.ಸಿ. ಚೆನ್ನಾಗಿ ತಂಪು ಮಾಡುತ್ತಿತ್ತೇ? ಹಾಗಿದ್ದರೆ ಗ್ಯಾಸ್ ತಾನಾಗಿ ಮುಗಿಯುವಂಥದ್ದಲ್ಲ; ಈಗ ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಸೋರಿಕೆ ಹುಡುಕದೆ ತುಂಬಿಸಿದ ಗ್ಯಾಸ್ ಮತ್ತೆ ಹೋಗುತ್ತದೆ.

ಕಾಲಡಿಯ ಮ್ಯಾಟ್ ಎತ್ತಿ ಕೆಳಗಿನ ಹಾಸನ್ನೂ ಮುಟ್ಟಿ ನೋಡಿ. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ನೆಂದ ಹಾಸು ಡಿಸೆಂಬರಿನವರೆಗೂ ಒಣಗದೆ ಉಳಿದ ಕಾರುಗಳನ್ನು ನಾನು ಕಂಡಿದ್ದೇನೆ, ಅಂಥ ಕಾರಿನ ಗಾಜು ರಾತ್ರಿಯಿಡೀ ಬೆವರುತ್ತದೆ. ಹಾಸಿನ ತೇವ ಅಂಟಂಟಾಗಿದ್ದು ಸಿಹಿ ವಾಸನೆ ಬಂದರೆ, ಗಾಜಿನ ಮೇಲೆ ಎಣ್ಣೆಯಂತಹ ಪೊರೆ ಕೂತರೆ, ಅದು ಹೀಟರ್ ಕೋರಿನಿಂದ ಸೋರಿದ ಕೂಲಂಟ್. ಅದು ವಿಷ, ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ. ಕಾರನ್ನು ತಡಮಾಡದೆ ದುರಸ್ತಿಗೆ ಬಿಡಿ.

ಹೀಟರ್ ದುರಸ್ತಿಯಾಗುವವರೆಗೆ ಬೆಳಿಗ್ಗೆ ಕಾರನ್ನು ಶೆಡ್ಡಿನೊಳಗೆ ಚಾಲೂ ಮಾಡಿ ಕಾಯಿಸುವ ಅಭ್ಯಾಸವಿದ್ದರೆ ಬಿಡಬೇಕು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಹೊರಗಾಳಿ ತೆರೆದ ಬ್ಲೋವರ್ ಅದನ್ನು ನೇರ ಕಾರಿನೊಳಗೆ ಎಳೆಯುತ್ತದೆ. ಕಾರನ್ನು ಅಂಗಳಕ್ಕೆ ತಂದು, ಬ್ಲೋವರನ್ನು ನಾಲ್ಕಕ್ಕೆ ಇಟ್ಟು, ಎ.ಸಿ. ಹಾಕಿ, ಎರಡು ಕಿಟಕಿಗಳನ್ನು ಬೆರಳಷ್ಟು ಇಳಿಸಿ. ಚಳಿ ಸ್ವಲ್ಪ ಕಚ್ಚುತ್ತದೆ, ಆದರೆ ಗಾಜು ತಿಳಿಯಾಗುತ್ತದೆ.