ಕತ್ತರಿಸುವ ಮೊದಲು ಮಡಿಕೆ ನೋಡಿ

ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕುಗಳ ಎಳೆ ಎಣಿಸುತ್ತಲೇ ಸೂಜಿ ಚುಚ್ಚಬೇಕು. ಬಟ್ಟೆ ಒಂದು ಕಡೆ ಮಡಚಿಕೊಂಡಿದ್ದರೂ ಎಣಿಕೆ ತಪ್ಪಿ ಹೊಲಿಯುತ್ತಿರುವ ಗೋಪುರದ ಚಿತ್ತಾರ ಪಕ್ಕಕ್ಕೆ ಸರಿಯುತ್ತದೆ. ಜೀನ್‌ಗಳ ಕೆಲಸವನ್ನು ಹತ್ತಿಕ್ಕುವ ಪುಟ್ಟ ಅಣುವಾದ ಮೈಕ್ರೋ ಆರ್‌ಎನ್‌ಎಯ ಪಾಠವನ್ನು ನಾನು ಇಲ್ಲಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಕತ್ತರಿಸಿ ಸಿದ್ಧಪಡಿಸುವ ಕಿಣ್ವಗಳು ಅಕ್ಷರಗಳನ್ನು ಓದುವುದಕ್ಕಿಂತ ಹೆಚ್ಚಾಗಿ ದೂರವನ್ನು ಅಳೆಯುತ್ತವೆ.

ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಪ್ರಶಸ್ತಿ ತಂದ ಈ ಅಣುಗಳು ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟೇ, ಅಂದರೆ ಆರ್‌ಎನ್‌ಎಯ 22 ಅಕ್ಷರಗಳಷ್ಟೇ, ಉದ್ದವಿರುತ್ತವೆ. ಆದರೆ ಅವು ಹುಟ್ಟುವುದು ಉದ್ದನೆಯ ಆರ್‌ಎನ್‌ಎ ಎಳೆಯೊಂದು ತನ್ನ ಮೇಲೆ ತಾನೇ ಮಡಚಿಕೊಂಡು ಆಗುವ ಹೇರ್‌ಪಿನ್ ಆಕಾರದ ಒಳಗೆ. ಅದರ ಜೋಡಿ ಎಳೆಯ ಭಾಗ ಕಾಂಡ, ತುದಿಯ ಬಾಗು ಕುಣಿಕೆ. ಕೋಶಕೇಂದ್ರದಲ್ಲಿ ಡ್ರೋಶಾ ಕಿಣ್ವವು ತನ್ನ ಜೊತೆಗಾರ ಪ್ರೋಟೀನ್ ಡಿಜಿಸಿಆರ್8ರೊಂದಿಗೆ ಸೇರಿ, ಒಂಟಿ ಎಳೆ ಮುಗಿದು ಜೋಡಿ ಎಳೆ ಆರಂಭವಾಗುವ ಬುಡವನ್ನು ಗುರುತಿಸಿ, ಅಲ್ಲಿಂದ ಸುಮಾರು 11 ಜೋಡಿಗಳಾಚೆ ಕತ್ತರಿಸುತ್ತದೆ. ಹೀಗೆ ಬಿಡುಗಡೆಯಾದ ಪೂರ್ವ ಮೈಕ್ರೋ ಆರ್‌ಎನ್‌ಎ ಕೋಶದ್ರವಕ್ಕೆ ಬಂದಾಗ ಡೈಸರ್ ಕಿಣ್ವವು ಅದರ ತುದಿಯನ್ನು ಹಿಡಿದು, ಅಲ್ಲಿಂದ ಸುಮಾರು 22 ನ್ಯೂಕ್ಲಿಯೋಟೈಡ್ ಅಳೆದು ಮೇಲಿನ ಕುಣಿಕೆಯನ್ನು ಬೇರ್ಪಡಿಸುತ್ತದೆ.

ಅಳತೆ ಒಂದೇ ನ್ಯೂಕ್ಲಿಯೋಟೈಡ್‌ನಷ್ಟು ತಪ್ಪಿದರೂ ಅದನ್ನು ಚಿಕ್ಕ ದೋಷವೆನ್ನಲಾಗದು. ಮೈಕ್ರೋ ಆರ್‌ಎನ್‌ಎ ತನ್ನ ಗುರಿಯನ್ನು ಗುರುತಿಸುವುದು ಮುಖ್ಯವಾಗಿ ತನ್ನ 5' ತುದಿಯಿಂದ (ಎಳೆಯ ಆರಂಭದ ಕಡೆಯಿಂದ) ಎಣಿಸಿದ 2ರಿಂದ 8ನೆಯ ಸ್ಥಾನಗಳ ಮೂಲಕ. ಆ ತುದಿಯನ್ನು ನಿರ್ಧರಿಸುವ ಕಡಿತ ಒಂದು ಸ್ಥಾನ ಸರಿದರೆ ಈ ಏಳು ಅಕ್ಷರಗಳ ಸಾಲೇ ಬದಲಾಗಿ, ಅಣು ಬೇರೆಯೇ ಜೀನ್‌ಗಳನ್ನು ಹತ್ತಿಕ್ಕತೊಡಗಬಹುದು. ಕಾಂಡದ ನಡುವಿನ ಒಂದು ಉಬ್ಬು ಅಥವಾ ಕುಣಿಕೆಯ ಹಿಗ್ಗು ಕುಗ್ಗು ಕಡಿತದ ಜಾಗವನ್ನು ಸರಿಸಬಲ್ಲದಾದ್ದರಿಂದ, ಅಕ್ಷರಸಾಲನ್ನು ಮಾತ್ರ ನೋಡಿ ಫಲಿತಾಂಶ ಊಹಿಸುವುದು ಅಪಾಯಕರ.

ಹೇರ್‌ಪಿನ್‌ಗೆ ಪ್ರತಿಸ್ಪರ್ಧಿಯಾದ ಇನ್ನೊಂದು ಮಡಿಕೆಯೂ ಉಂಟು. ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲೊಂದಾದ ಗ್ವಾನಿನ್ ಗುಂಪು ಗುಂಪಾಗಿರುವ ಸಾಲಿನಲ್ಲಿ ನಾಲ್ಕು ನಾಲ್ಕು ಗ್ವಾನಿನ್‌ಗಳು ಸೇರಿ ಚೌಕವಾಗಿ, ಆ ಚೌಕಗಳು ಒಂದರ ಮೇಲೊಂದು ಕುಳಿತು ಜಿ-ಕ್ವಾಡ್ರುಪ್ಲೆಕ್ಸ್ ಎಂಬ ಗಟ್ಟಿ ರಚನೆ ಮೂಡುತ್ತದೆ. ಚೌಕಗಳ ನಡುವೆ ಪೊಟ್ಯಾಸಿಯಂ ಅಯಾನು ಕುಳಿತರೆ ಅದು ಬಹಳ ಸ್ಥಿರ. ಸೋಡಿಯಂ ಅಷ್ಟು ಬಲ ಕೊಡದು, ಲಿಥಿಯಂ ಹೆಚ್ಚುಕಡಿಮೆ ಕೊಡುವುದೇ ಇಲ್ಲ. ಮಾನವನ ಪೂರ್ವ ಮೈಕ್ರೋ ಆರ್‌ಎನ್‌ಎ-92ಬಿಯಲ್ಲಿ ಈ ಎರಡು ಆಕಾರಗಳ ನಡುವೆ ಪೈಪೋಟಿ ಇರುವುದೂ, ಕ್ವಾಡ್ರುಪ್ಲೆಕ್ಸ್ ಕಡೆಗೆ ವಾಲಿದಾಗ ಡೈಸರ್‌ನ ಕೆಲಸ ಕುಂಠಿತವಾಗುವುದೂ 2015ರಲ್ಲಿ ಪ್ರಕಟವಾಗಿದೆ. ಡೈಸರ್‌ಗೆ ಬೇಕಾದದ್ದು ಜೋಡಿ ಎಳೆಯ ಕಾಂಡ. ಅದೇ ಇಲ್ಲದಿದ್ದಾಗ ಅಳೆಯುವುದಕ್ಕೆ ಆಧಾರವೇ ಇರುವುದಿಲ್ಲ.

ಕೆಲವು ಮಳೆಗಾಲಗಳ ಹಿಂದೆ ಹುಬ್ಬಳ್ಳಿಯ ವಿದ್ಯಾರ್ಥಿನಿಯೊಬ್ಬಳು, ಆರ್‌ಎನ್‌ಎ ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಪಟ್ಟಿಗಳಾಗಿ ತೋರಿಸುವ ಜೆಲ್ ಚಿತ್ರಗಳನ್ನು ಹಿಡಿದುಕೊಂಡು ಬಂದು, "ಸರ್, ಡೈಸರ್ ಕೆಟ್ಟದ ಅಂತ ಕಾಣಸ್ತದ್ರಿ, ಮೂರು ಸಲ ಮಾಡಿದ್ರೂ ಕತ್ತರಿಸವಲ್ದು" ಎಂದಳು. ಆಕೆ ಹೊಸ ಕಿಣ್ವಕ್ಕೆ ಬೇಡಿಕೆ ಬರೆಯುವ ಸಿದ್ಧತೆಯಲ್ಲಿದ್ದಳು. ನಾನು ಕೇಳಿದ್ದು ಆರ್‌ಎನ್‌ಎಯನ್ನು ಮಡಚಿದ ಬಗೆಯನ್ನು. ಗ್ವಾನಿನ್ ತುಂಬಿದ ಆ ಮಾದರಿಯನ್ನು ಅವಳು ಪೊಟ್ಯಾಸಿಯಂ ಇರುವ ಬಫರ್‌ನಲ್ಲಿ 95 ಡಿಗ್ರಿಗೆ ಕಾಯಿಸಿ, ನಿಧಾನವಾಗಿ ಆರಲು ಬಿಟ್ಟಿದ್ದಳು. ಕ್ವಾಡ್ರುಪ್ಲೆಕ್ಸ್ ಕಟ್ಟಿಕೊಳ್ಳಲು ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಮೆಗ್ನೀಸಿಯಂ ಇಲ್ಲದೆ ಡೈಸರ್ ಕತ್ತರಿಸದಾದ್ದರಿಂದ ಅದನ್ನು ಹಾಗೆಯೇ ಉಳಿಸಿ, ಪೊಟ್ಯಾಸಿಯಂ ಬದಲು ಲಿಥಿಯಂ ಹಾಕಿ ಪ್ರಯೋಗವನ್ನು ಮತ್ತೆ ಮಾಡಿಸಿದೆ. ಅದೇ ಹಳೆಯ ಕಿಣ್ವದಿಂದ 22ರ ಪಟ್ಟಿ ಸ್ಪಷ್ಟವಾಗಿ ಮೂಡಿತು.

ಆದರೂ ಆ ಜೆಲ್ ಆಧಾರದಿಂದ ಜೀವಕೋಶದಲ್ಲಿಯೂ ಹೀಗೆಯೇ ನಡೆಯುತ್ತದೆಂದು ಪ್ರಬಂಧದಲ್ಲಿ ಬರೆಯಲು ನಾನು ಒಪ್ಪಲಿಲ್ಲ. ಕೋಶದೊಳಗೆ ಪೊಟ್ಯಾಸಿಯಂ ಹೇರಳವಾಗಿದೆಯೆಂಬುದು ನಿಜ, ಆದರೆ ಡಿಎಚ್‌ಎಕ್ಸ್36ರಂಥ ಹೆಲಿಕೇಸ್‌ಗಳು, ಅಂದರೆ ಮಡಿಕೆ ಬಿಡಿಸುವ ಕಿಣ್ವಗಳು, ಈ ಕ್ವಾಡ್ರುಪ್ಲೆಕ್ಸ್ ಗಂಟುಗಳನ್ನು ಬಿಚ್ಚುತ್ತಿರುತ್ತವೆ. ಲಿನ್28 ಪ್ರೋಟೀನ್ ಲೆಟ್-7 ಎಂಬ ಮೈಕ್ರೋ ಆರ್‌ಎನ್‌ಎಯ ಪೂರ್ವರೂಪದ ಕುಣಿಕೆಗೆ ಅಂಟಿಕೊಂಡು ಡೈಸರ್ ಕೆಲಸವನ್ನು ತಡೆಯುವಂತೆ ಬೇರೆ ಪ್ರೋಟೀನ್‌ಗಳೂ ನಡುವೆ ಬರುತ್ತವೆ. ಹಾಗಾಗಿ ಗ್ವಾನಿನ್ ಸಾಲನ್ನು ಮುರಿದು ಕಾಂಡವನ್ನು ಮಾತ್ರ ಉಳಿಸಿಕೊಂಡ ಇನ್ನೊಂದು ಮಾದರಿಯನ್ನು ಆಕೆಯಿಂದ ಮಾಡಿಸಿ, ಪೊಟ್ಯಾಸಿಯಂ, ಸೋಡಿಯಂ, ಲಿಥಿಯಂ ಎಂದು ತಲಾ ಮೂರು ನಳಿಕೆಗಳಲ್ಲಿ ಎರಡೂ ಮಾದರಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದೆವು. ಈಗ ನಮ್ಮಲ್ಲಿ ಡೈಸರ್ ಶೀಶೆಯನ್ನು ಫ್ರೀಜರ್‌ನಿಂದ ಹೊರತೆಗೆಯುವುದು ಆ ಮೂರು ನಳಿಕೆಗಳ ಮಡಿಕೆಯನ್ನು ಪರೀಕ್ಷಿಸಿದ ಮೇಲೆಯೇ.